ಕಡಲಾಚೆ ಹೋದವರ ಮನೆತನ ಹುಡುಕುವ ಅಧ್ಯಯನ ಬಳಗ: ಕಟ್ಟುವ ಮತ್ತು ನಡೆಸುವ ಕ್ರಮ

1834ರಿಂದ 1917ರವರೆಗಿನ ಅವಧಿಯಲ್ಲಿ ಕರಾರು ಕೂಲಿಗಳಾಗಿ, ಅಂದರೆ ಇಂತಿಷ್ಟು ವರ್ಷ ದುಡಿಯುವ ಒಪ್ಪಂದದ ಮೇಲೆ, ಭಾರತ ಬಿಟ್ಟು ಕಡಲಾಚೆಯ ತೋಟಗಳಿಗೆ ಹೋದವರ ಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆ. ಮಾರಿಷಸ್ ಒಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ ಮಂದಿ ಹೋದರು. ದಕ್ಷಿಣ ಆಫ್ರಿಕಾದ ನಟಾಲ್‌ಗೆ 1,52,184 ಮಂದಿ, ಫಿಜಿಗೆ 60 ಸಾವಿರಕ್ಕೂ ಹೆಚ್ಚು ಮಂದಿ ಹೋದರು. ಕೆಲವರು ಕರಾರು ಮುಗಿಸಿ ಊರಿಗೆ ಮರಳಿದರೆ, ಅನೇಕರು ಅಲ್ಲಿಯೇ ನೆಲೆನಿಂತರು. ಹೀಗೆ ನೆಲೆನಿಂತವರ ಮರಿಮಕ್ಕಳು ಮತ್ತು ಗಿರಿಮಕ್ಕಳು ಇಂದು ತಮ್ಮ ಹಿರಿಯರು ಯಾವ ಊರಿನವರು, ಅವರ ಮನೆದೇವರು ಯಾವುದು, ಊರಿನಲ್ಲೇ ಉಳಿದ ಅಣ್ಣತಮ್ಮಂದಿರ ಸಂತತಿ ಈಗ ಎಲ್ಲಿದೆ ಎಂದು ಹುಡುಕುತ್ತಿದ್ದಾರೆ.

ಈ ಹುಡುಕಾಟ ಒಬ್ಬಂಟಿಯಾಗಿ ಮಾಡಿದರೆ ಸಾಮಾನ್ಯವಾಗಿ ನಡುದಾರಿಯಲ್ಲೇ ನಿಂತುಬಿಡುತ್ತದೆ. ಡರ್ಬನ್‌ನಲ್ಲಿರುವ ಮರಿಮಗಳ ಕೈಯಲ್ಲಿ ಹಡಗಿನ ಪಟ್ಟಿಯ ಪ್ರತಿ ಇರುತ್ತದೆ, ಆದರೆ ಅದರಲ್ಲಿ ಬರೆದ ಊರಿನ ಹೆಸರು ಯಾವ ಸೀಮೆಯದ್ದೆಂದು ಆಕೆಗೆ ತಿಳಿಯುವುದಿಲ್ಲ. ಆ ಸೀಮೆಯನ್ನು ಬಲ್ಲ ಕೋಲಾರದ ನಿವೃತ್ತ ಶಿಕ್ಷಕರಿಗೆ ಅಂಥ ಪಟ್ಟಿಯೊಂದು ಇದೆ ಎಂಬ ಸಂಗತಿಯೇ ಗೊತ್ತಿರುವುದಿಲ್ಲ. ಇಂಥವರನ್ನು ಒಂದೆಡೆ ಸೇರಿಸಿ, ನಿಯಮಬದ್ಧವಾಗಿ, ತಿಂಗಳು ತಿಂಗಳು ಕೆಲಸ ಮಾಡಿಸುವ ಸಣ್ಣ ಅಧ್ಯಯನ ಬಳಗವನ್ನು ಕಟ್ಟುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ. ಉದಾಹರಣೆಗಳಿಗೆ ಹೆಚ್ಚಾಗಿ ಮದರಾಸು ಬಂದರಿನಿಂದ ನಟಾಲ್‌ಗೆ ಹೋದವರ ದಾಖಲೆಗಳನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಆ ದಾಖಲೆಗಳಲ್ಲಿ ತಮಿಳು ಮತ್ತು ತೆಲುಗು ಜಿಲ್ಲೆಗಳ ಜೊತೆಗೆ ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಕಾಣಸಿಗುತ್ತವೆ, ಮತ್ತು ಕನ್ನಡ ಬಲ್ಲವರ ನೆರವಿಗೆ ಅಲ್ಲಿ ನಿಜವಾದ ಕೆಲಸವಿದೆ.

ಮೊದಲು ಎಲ್ಲೆ ಗುರುತಿಸಿಕೊಳ್ಳಿ

ಬಳಗ ಆರಂಭಿಸುವಾಗಲೇ ಒಂದು ಬಂದರು ಮತ್ತು ಒಂದು ದೇಶ ಎಂದು ಎಲ್ಲೆ ಹಾಕಿಕೊಳ್ಳಬೇಕು. ಮಾರಿಷಸ್, ನಟಾಲ್, ಫಿಜಿ, ಟ್ರಿನಿಡಾಡ್, ಗಯಾನಾ ಇವೆಲ್ಲವೂ ಒಂದೇ ವ್ಯವಸ್ಥೆಯ ಕವಲುಗಳಾದರೂ ಅವುಗಳ ದಾಖಲೆಗಳ ಸ್ವರೂಪ, ಅವುಗಳನ್ನು ಇಟ್ಟಿರುವ ಸ್ಥಳ, ಪಡೆಯುವ ವಿಧಾನ ಬೇರೆ ಬೇರೆ. ಸಿಂಹಳ ಮತ್ತು ಮಲಯಾ ಕಡೆಗೆ ಕಂಗಾಣಿಗಳ (ಕೂಲಿಗಳನ್ನು ಕೂಡಿಸಿ ಕರೆದೊಯ್ಯುವ ಮೇಸ್ತ್ರಿಗಳ) ಮೂಲಕ ಗುಂಪುಗುಂಪಾಗಿ ಹೋದವರ ವಿಷಯದಲ್ಲಂತೂ ಪ್ರತಿಯೊಬ್ಬರಿಗೂ ಕರಾರು ಕೂಲಿಗಳಿಗಿರುವಂಥ ವಿವರವಾದ ವಲಸೆ ಪಾಸು ಸಿಗುತ್ತದೆಂದು ನಿರೀಕ್ಷಿಸಲಾಗದು. ಅದು ಪ್ರತ್ಯೇಕ ಅಧ್ಯಯನವೇ ಆಗಬೇಕು.

ಎಲ್ಲೆಯನ್ನು ಹಾಕಿದ ಕೂಡಲೇ ಆ ಮಾರ್ಗದ ಕಾಲಾನುಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಸದಸ್ಯರಿಗೂ ಕೊಡಿ. ನಟಾಲ್‌ನ ವಿಷಯದಲ್ಲಿ ಅದು ಹೀಗಿರುತ್ತದೆ: ‘ಟ್ರೂರೋ’ ಹಡಗು 1860ರ ಅಕ್ಟೋಬರ್ 12ರಂದು ಮದರಾಸಿನಿಂದ ಹೊರಟು ನವೆಂಬರ್ 16ರಂದು 342 ಮಂದಿಯೊಂದಿಗೆ ಡರ್ಬನ್ ತಲುಪಿತು, ಕಲ್ಕತ್ತೆಯಿಂದ ಹೊರಟ ‘ಬೆಲ್ವೆಡೇರ್’ ಅದೇ ತಿಂಗಳು 26ರಂದು ಬಂತು, 1866ರಲ್ಲಿ ವಲಸೆ ನಿಂತುಹೋಯಿತು, 1874ರಲ್ಲಿ ಮತ್ತೆ ಆರಂಭವಾಯಿತು, 1911ರಲ್ಲಿ ಭಾರತ ಸರ್ಕಾರ ಅದನ್ನು ಪೂರ್ತಿಯಾಗಿ ನಿಲ್ಲಿಸಿತು. ಈ ಹಾಳೆಯ ಉಪಯೋಗ ದೊಡ್ಡದು. ‘ನಮ್ಮ ಮುತ್ತಜ್ಜ 1870ರಲ್ಲಿ ನಟಾಲ್‌ಗೆ ಬಂದರು’ ಎಂದು ಒಂದು ಮನೆಯವರು ಹೇಳಿದರೆ, ಆ ವರ್ಷ ಕೂಲಿಗಳ ಹಡಗೇ ಬಂದಿರಲಿಲ್ಲವೆಂದು ಹಾಳೆ ಹೇಳುತ್ತದೆ. ಹಾಗಾದರೆ ವರ್ಷ ತಪ್ಪಿರಬೇಕು, ಇಲ್ಲವೇ ಅವರು ಮೊದಲು ಬೇರೆ ದೇಶಕ್ಕೆ ಹೋಗಿ ಅಲ್ಲಿಂದ ಬಂದಿರಬೇಕು. ಫಿಜಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ: 1879ರಲ್ಲಿ ‘ಲಿಯೊನಿಡಾಸ್’ ಹಡಗಿನಿಂದ ಅಲ್ಲಿನ ವಲಸೆ ಆರಂಭವಾದರೂ ಮದರಾಸಿನಿಂದ ಹಡಗುಗಳು ಹೋಗತೊಡಗಿದ್ದು 1903ರಿಂದ ಮಾತ್ರ.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಬೇಕು. ಹಿರಿಯರು ಕರಾರಿನ ಮೇಲೆ ಹೋದವರೇ, ಅಥವಾ ತಮ್ಮ ಹಣದಲ್ಲೇ ಟಿಕೆಟ್ ಕೊಂಡು ಹೋದ ‘ಪ್ಯಾಸೆಂಜರ್’ ವರ್ಗದವರೇ? ನಟಾಲ್‌ನಲ್ಲಿ ಈ ಎರಡನೆಯ ವರ್ಗದಲ್ಲಿ ಗುಜರಾತಿನ ವ್ಯಾಪಾರಿಗಳು ಹೆಚ್ಚಾಗಿದ್ದರು. ಅವರ ಹೆಸರು ಕೂಲಿಗಳ ಹಡಗಿನ ಪಟ್ಟಿಯಲ್ಲಿ ಸಿಗುವುದಿಲ್ಲ, ಹುಡುಕಿ ಪ್ರಯೋಜನವೂ ಇಲ್ಲ.

ಬಳಗದಲ್ಲಿ ಯಾರಿರಬೇಕು

ಆರರಿಂದ ಹತ್ತು ಮಂದಿ ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆ ಭಾಷಣಗಳ ಸರಣಿಯಾಗುತ್ತದೆ, ದಾಖಲೆ ಓದುವ ಕೆಲಸ ಹಿಂದೆ ಬೀಳುತ್ತದೆ. ಇವರಲ್ಲಿ ಕನಿಷ್ಠ ಇಬ್ಬರು ವಲಸೆ ಹೋದ ದೇಶದಲ್ಲಿರುವವರಾಗಿರಲಿ, ಅಲ್ಲಿನ ದಾಖಲೆ ಭಂಡಾರಕ್ಕೆ ಖುದ್ದಾಗಿ ಹೋಗಬಲ್ಲವರಾಗಿರಲಿ. ಕನ್ನಡ, ತೆಲುಗು, ತಮಿಳು ಈ ಮೂರೂ ಭಾಷೆಗಳನ್ನು ಬಲ್ಲವರು ಬೇಕು. ಬಂಗಾರಪೇಟೆ, ಮುಳಬಾಗಿಲು, ಮಾಲೂರು ಕಡೆಯವರಲ್ಲಿ ಮೂರನ್ನೂ ಆಡಬಲ್ಲವರು ಸಹಜವಾಗಿ ಸಿಗುತ್ತಾರೆ, ಅಂಥವರು ಈ ಕೆಲಸಕ್ಕೆ ಅಮೂಲ್ಯ. ಹಳೆಯ ಇಂಗ್ಲಿಷ್ ಕೈಬರಹವನ್ನು ತಾಳ್ಮೆಯಿಂದ ಓದುವ ಒಬ್ಬರು ಇರಬೇಕು. ದಾಖಲೆ ಪಾಲಕರೆಂದು ಒಬ್ಬರನ್ನು ನೇಮಿಸಿ, ಪ್ರತಿಯೊಂದು ಪ್ರತಿ ಎಲ್ಲಿಂದ ಬಂತು, ಯಾವ ದಿನ ಬಂತು, ಯಾರು ತಂದರು ಎಂಬುದನ್ನು ಬರೆದಿಡುವ ಜವಾಬ್ದಾರಿಯನ್ನು ಅವರಿಗೆ ಮಾತ್ರ ವಹಿಸಬೇಕು.

ಸಭೆಯ ಹೊತ್ತನ್ನು ಒಮ್ಮೆ ನಿಗದಿ ಮಾಡಿದ ಮೇಲೆ ಬದಲಿಸದಿರುವುದು ಒಳ್ಳೆಯದು. ಭಾರತದಲ್ಲಿ ಸಂಜೆ 6:30 ಆದಾಗ ಡರ್ಬನ್‌ನಲ್ಲಿ ಮಧ್ಯಾಹ್ನ 3, ಮಾರಿಷಸ್‌ನಲ್ಲಿ ಸಂಜೆ 5 ಗಂಟೆ. ಆದ್ದರಿಂದ ಶನಿವಾರ ಸಂಜೆ ಈ ಎರಡು ದೇಶದವರಿಗೂ ಅನುಕೂಲ. ಅದೇ ಹೊತ್ತಿಗೆ ಫಿಜಿಯಲ್ಲಿ ನಡುರಾತ್ರಿ ಕಳೆದು 1 ಗಂಟೆಯಾಗಿರುತ್ತದೆ, ಹೀಗಾಗಿ ಫಿಜಿಯ ಬಳಗ ಬೆಳಗಿನ ಹೊತ್ತಿನಲ್ಲಿ ಸೇರಬೇಕು. ತಿಂಗಳಿಗೆ ಒಂದು ಸಭೆ, ಒಂದೂವರೆ ಗಂಟೆ, ಒಂದು ಸಭೆಯಲ್ಲಿ ಒಂದೇ ಮನೆತನದ ಒಂದೇ ದಾಖಲೆ ಎಂಬ ನಿಯಮವನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಎಲ್ಲರ ಮನೆತನವನ್ನೂ ಒಂದೇ ದಿನ ಮುಟ್ಟಲು ಹೋದ ಸಭೆಗಳಲ್ಲಿ ಯಾರ ಕೆಲಸವೂ ಮುಂದುವರಿಯುವುದಿಲ್ಲ.

ಮನೆಯ ಹಿರಿಯರಿಂದ ಆರಂಭ

ಮೊದಲ ಎರಡು ತಿಂಗಳು ದಾಖಲೆ ಭಂಡಾರದ ಕಡೆಗೆ ಹೋಗಬಾರದು. ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯ ಅತಿ ಹಿರಿಯರೊಂದಿಗೆ ಕುಳಿತು, ಅವರ ಒಪ್ಪಿಗೆ ಪಡೆದು, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ‘ನಮ್ಮ ಊರು ಯಾವುದು?’ ಎಂದು ನೇರವಾಗಿ ಕೇಳಿದರೆ ‘ಮದ್ರಾಸ್’ ಎಂಬ ಒಂದೇ ಉತ್ತರ ಬರುತ್ತದೆ, ಏಕೆಂದರೆ ಮದರಾಸು ಬಂದರಿನಿಂದ ಹಡಗು ಹತ್ತಿದವರೆಲ್ಲರಿಗೂ ಆ ದೇಶಗಳಲ್ಲಿ ಮದ್ರಾಸಿಗಳೆಂಬ ಹೆಸರೇ ನಿಂತುಬಿಟ್ಟಿತು. ಅದರ ಬದಲು ಮನೆಯಲ್ಲಿ ಯಾವ ದೇವರಿಗೆ ಯಾವ ತಿಂಗಳಲ್ಲಿ ಪೂಜೆ ನಡೆಯುತ್ತದೆ, ಮದುವೆಯಲ್ಲಿ ಯಾವ ಶಾಸ್ತ್ರವನ್ನು ಬಿಡುವಂತಿಲ್ಲ, ಸತ್ತವರ ಕಾರ್ಯ ಎಷ್ಟನೆಯ ದಿನ ಮಾಡುತ್ತಾರೆ, ಅಜ್ಜಿ ಮುದ್ದೆ ಮಾಡುತ್ತಿದ್ದರೇ, ಯಾವ ಹಿಟ್ಟಿನದು ಎಂದು ಕೇಳಬೇಕು. ರಾಗಿ ಮುದ್ದೆಯ ನೆನಪು, ಮುನೇಶ್ವರನ ಪೂಜೆ, ಮುನಿಯಪ್ಪ, ಮುನಿಯಮ್ಮ ಎಂಬಂಥ ಹೆಸರುಗಳು ಒಂದೇ ಮನೆಯಲ್ಲಿ ಒಟ್ಟಿಗೆ ಸಿಕ್ಕರೆ ಬೆಂಗಳೂರು, ಕೋಲಾರ, ಉತ್ತರ ಆರ್ಕಾಟಿನ ಗಡಿಸೀಮೆಯನ್ನು ಮೊದಲು ನೋಡುವುದು ಸಮಂಜಸ. ಆದರೆ ಅದು ಸುಳಿವಷ್ಟೇ, ಪುರಾವೆ ಎನಿಸದು.

ನೆಂಟಸ್ತಿಕೆಯ ಪದಗಳನ್ನು ತಪ್ಪದೆ ಬರೆದುಕೊಳ್ಳಿ. ಕನ್ನಡ ಆಡುವವರ ಸಂಖ್ಯೆ ಕಡಿಮೆಯಿದ್ದ ತೋಟಗಳಲ್ಲಿ ಒಂದೆರಡು ತಲೆಮಾರಿನೊಳಗೆ ಮನೆಮಾತು ತಮಿಳಿಗೋ ತೆಲುಗಿಗೋ ತಿರುಗಿರಬಹುದು, ಆದರೆ ತಾಯಿಯನ್ನು, ಅಜ್ಜಿಯನ್ನು, ಸೋದರಮಾವನನ್ನು ಕರೆಯುವ ಪದಗಳು ಅಷ್ಟು ಬೇಗ ಬದಲಾಗುವುದಿಲ್ಲ. ತಾಯಿಯನ್ನು ‘ಅವ್ವ’ ಎಂದು ಕರೆಯುವ ಮನೆಗೂ ಅಜ್ಜಿಯನ್ನು ‘ಅವ್ವ’ ಎಂದು ಕರೆಯುವ ಮನೆಗೂ ಹಿನ್ನೆಲೆ ಬೇರೆಯಿರುವ ಸಾಧ್ಯತೆಯಿದೆ: ಮೊದಲನೆಯದು ಕನ್ನಡ ನಾಡಿನ ರೂಢಿ, ಎರಡನೆಯದು ತೆಲುಗಿನದು.

ಹೆಸರಿಗಿಂತ ಸಂಖ್ಯೆಯೇ ಮುಖ್ಯ

ಹಿರಿಯರ ಮಾತು ಸಂಗ್ರಹವಾದ ಮೇಲೆ ಇಂದಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಇಳಿಯಬೇಕು. ನಿಮ್ಮ ಜನನ ಪ್ರಮಾಣಪತ್ರದಿಂದ ತಂದೆತಾಯಿಗೆ, ಅವರ ಮದುವೆಯ ದಾಖಲೆಯಿಂದ ಅಜ್ಜ ಅಜ್ಜಿಗೆ, ಹೀಗೆ ನಡುವೆ ಒಂದನ್ನೂ ಬಿಡದೆ ಹೋಗಬೇಕು. ಹಡಗಿನ ಪಟ್ಟಿಯಲ್ಲಿ ಕಂಡ ಯಾವುದೋ ಮುನಿಸಾಮಿಯನ್ನು ತಮ್ಮ ಮುತ್ತಜ್ಜನೆಂದು ಹಿಡಿದು, ಅಲ್ಲಿಂದ ಮುಂದಕ್ಕೆ ವಂಶವೃಕ್ಷ ಬರೆಯುವುದು ಈ ಕ್ಷೇತ್ರದಲ್ಲಿ ಅತ್ಯಂತ ಸಾಮಾನ್ಯವಾದ ಮತ್ತು ಅತ್ಯಂತ ಹಾನಿಕರವಾದ ಅಭ್ಯಾಸ.

ಹೆಸರನ್ನು ನಂಬಲಾಗದಿರುವುದಕ್ಕೆ ಕಾರಣಗಳಿವೆ. ಕೂಲಿಗಳಿಗೆ ಇಂದಿನ ಅರ್ಥದ ಅಡ್ಡಹೆಸರು ಇರಲಿಲ್ಲ; ಮುಂದಿನ ತಲೆಮಾರಿನಲ್ಲಿ ತಂದೆಯ ಹೆಸರೋ, ನಾಯ್ಡು, ಪಿಳ್ಳೆ, ಗೌಂಡರ್, ಮೊದಲಿಯಾರ್ ಎಂಬಂಥ ಉಪಾಧಿಯೋ ಅಡ್ಡಹೆಸರಾಗಿ ನಿಂತಿತು, ಅದರ ಕಾಗುಣಿತವೂ ನಾಯ್ಡೂ, ಪಿಲ್ಲೇ, ಗೋವೆಂಡರ್, ಮೂಡ್ಲಿ ಎಂದು ಬದಲಾಯಿತು. ಒಂದೇ ಅಡ್ಡಹೆಸರಿನ ಎರಡು ಮನೆಗಳಿಗೆ ಪರಸ್ಪರ ಸಂಬಂಧ ಇರಲೇಬೇಕೆಂದಿಲ್ಲ. ಸಂಖ್ಯೆಯ ವಿಷಯ ಹಾಗಲ್ಲ. ನಟಾಲ್‌ಗೆ ಬಂದಿಳಿದ ಪ್ರತಿಯೊಬ್ಬ ಕರಾರು ಕೂಲಿಗೂ ಒಂದು ವಸಾಹತು ಸಂಖ್ಯೆಯನ್ನು ಕೊಡಲಾಗುತ್ತಿತ್ತು. ಭಾರತೀಯ ವಲಸಿಗರ ರಕ್ಷಣಾಧಿಕಾರಿಯ ಕಚೇರಿಯಲ್ಲಿ ನಡೆದ ಮದುವೆ ನೋಂದಣಿ, ಜನನ ನೋಂದಣಿ, ದೂರು, ಅರ್ಜಿಗಳಲ್ಲಿ ಆ ಸಂಖ್ಯೆ ಹೆಸರಿನ ಜೊತೆಗೇ ಬರುತ್ತದೆ. ಮಾರಿಷಸ್‌ನಲ್ಲೂ ವಲಸಿಗರ ಸಂಖ್ಯೆ ಹೀಗೆಯೇ ಕೆಲಸ ಮಾಡುತ್ತದೆ. ಫಿಜಿಯಲ್ಲಿ ಹಡಗಿನ ಹೆಸರು ಮತ್ತು ಪಾಸಿನ ಸಂಖ್ಯೆ ಎರಡೂ ಬೇಕು. ಆದ್ದರಿಂದ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ, ಮದುವೆಯ ಪತ್ರಗಳ ಹಿಂಬದಿಯಲ್ಲಿ, ಕರಾರು ಮುಗಿದಾಗ ಸಿಕ್ಕ ಬಿಡುಗಡೆ ಪತ್ರಗಳಲ್ಲಿ ಕಂಡ ಪ್ರತಿಯೊಂದು ಅಂಕಿಯನ್ನೂ, ಅರ್ಥ ತಿಳಿಯದಿದ್ದರೂ, ಇದ್ದಂತೆಯೇ ಬರೆದುಕೊಳ್ಳಬೇಕು.

ಸಂಖ್ಯೆ ಸಿಕ್ಕ ಮೇಲೆ ಭಂಡಾರದ ಬಾಗಿಲು ಸುಲಭವಾಗಿ ತೆರೆಯುತ್ತದೆ. ರಕ್ಷಣಾಧಿಕಾರಿಯ ಕಚೇರಿಯ ಕಡತಗಳು ಡರ್ಬನ್‌ನ ಸರ್ಕಾರಿ ದಾಖಲೆ ಭಂಡಾರದಲ್ಲಿವೆ. ತೀರಿಹೋದವರ ಆಸ್ತಿಗೆ ಸಂಬಂಧಿಸಿದ ಕಡತಗಳನ್ನು ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಕೇಳಬೇಕು. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ದಾಖಲೆಗಳ ಸೂಚಿಯನ್ನು ಮನೆಯಲ್ಲೇ ಕುಳಿತು ಅಂತರಜಾಲದಲ್ಲಿ ಹುಡುಕಬಹುದು. ಮಾರಿಷಸ್‌ನ ವಲಸೆ ದಾಖಲೆಗಳು ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ, ಅಲ್ಲಿ 1860ರ ದಶಕದಿಂದ ತೆಗೆದ ಕೂಲಿಗಳ ಭಾವಚಿತ್ರಗಳೂ ಇವೆ. ಫಿಜಿಯ ಪಾಸುಗಳಿಗೆ ಸುವಾದ ರಾಷ್ಟ್ರೀಯ ದಾಖಲೆ ಭಂಡಾರವನ್ನು ಸಂಪರ್ಕಿಸಬೇಕು.

ಒಂದು ದಾಖಲೆಯನ್ನು ಬಳಗವಾಗಿ ಓದುವ ಬಗೆ

ಅಧ್ಯಯನ ಬಳಗದ ನಿಜವಾದ ಕೆಲಸ ಇಲ್ಲಿ ಆರಂಭವಾಗುತ್ತದೆ. ವಲಸೆ ಪಾಸಿನಲ್ಲೋ ಹಡಗಿನ ಪಟ್ಟಿಯಲ್ಲೋ ಸಾಮಾನ್ಯವಾಗಿ ಹೆಸರು, ತಂದೆಯ ಹೆಸರು, ವಯಸ್ಸು, ಲಿಂಗ, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಗುರುತು ಎಂಬ ಅಂಕಣಗಳಿರುತ್ತವೆ. ಪಾಸುಗಳಲ್ಲಿ ಎತ್ತರ ಮತ್ತು ಹತ್ತಿರದ ಬಂಧುವಿನ ಹೆಸರಿಗೂ ಜಾಗವಿರುತ್ತದೆ. ಸಭೆಗೆ ಮುನ್ನ ಇಬ್ಬರು ಸದಸ್ಯರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ, ದಾಖಲೆಯನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಬೇಕು. ಓದಲಾಗದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಬೇಕೇ ಹೊರತು ಊಹಿಸಿ ತುಂಬಬಾರದು, ತಪ್ಪು ಕಾಗುಣಿತವನ್ನು ತಿದ್ದಲೂಬಾರದು. ಸಭೆಯಲ್ಲಿ ಎರಡೂ ನಕಲುಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಿ ಭಿನ್ನವಾಗಿವೆಯೋ ಅಲ್ಲಿ ಮೂಲವನ್ನು ದೊಡ್ಡದಾಗಿ ತೋರಿಸಿ ಎಲ್ಲರೂ ಓದಬೇಕು.

ಅಭ್ಯಾಸಕ್ಕಾಗಿ ಕಲ್ಪಿಸಿದ ಒಂದು ನಮೂದನ್ನು ನೋಡೋಣ: ಹೆಸರು ಮುನಿಯಮ್ಮ, ತಂದೆ ಚಿನ್ನಪ್ಪ, ವಯಸ್ಸು 22, ಜಿಲ್ಲೆ ಮೈಸೂರು, ತಾಲ್ಲೂಕು ಊಸ್ಕೋಟ, ಊರು ಓಸಪಲ್ಲಿ, ಗುರುತು ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ. ಇಲ್ಲಿ ತಾಲ್ಲೂಕಿನ ಹೆಸರು ಜಿಲ್ಲೆಯ ಹೆಸರನ್ನು ತಿದ್ದುತ್ತದೆ. ಊಸ್ಕೋಟ ಎಂಬುದು ಹೊಸಕೋಟೆಗೆ ಅಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಕಾಣುವ ರೂಪ. ಹೊಸಕೋಟೆ ಅಂದು ಇದ್ದದ್ದು ಬೆಂಗಳೂರು ಜಿಲ್ಲೆಯಲ್ಲಿ. ಹೀಗಾಗಿ ‘ಮೈಸೂರು’ ಎಂದು ಬರೆದದ್ದು ಮೈಸೂರು ನಗರವನ್ನಾಗಲಿ ಜಿಲ್ಲೆಯನ್ನಾಗಲಿ ಕುರಿತದ್ದಲ್ಲ, ಇಡೀ ಮೈಸೂರು ಸಂಸ್ಥಾನವನ್ನು ಕುರಿತದ್ದು. ಊರಿನ ಹೆಸರನ್ನು ತಮಿಳು ಬಲ್ಲ ಗುಮಾಸ್ತರು ಕೇಳಿ ಬರೆದಿದ್ದರೆ ಹಕಾರ ಬಿದ್ದುಹೋಗಿ, ಹಳ್ಳಿ ‘ಪಲ್ಲಿ’ಯಾಗಿ, ಹೊಸಹಳ್ಳಿ ‘ಓಸಪಲ್ಲಿ’ ಆಗಿರುವುದು ಸಂಭವನೀಯ. ಈ ಸರಳ ತರ್ಕವನ್ನು ಡರ್ಬನ್‌ನಲ್ಲಿರುವವರು ಒಬ್ಬರೇ ಕುಳಿತು ಕಂಡುಕೊಳ್ಳುವುದು ಕಷ್ಟ, ಹೊಸಕೋಟೆಯ ಸುತ್ತಮುತ್ತಲಿನವರಿಗೆ ಅದು ಒಂದು ಕ್ಷಣದ ಕೆಲಸ.

ವಯಸ್ಸಿನ ಅಂಕಣವನ್ನು ಅಂದಾಜೆಂದೇ ತಿಳಿಯಬೇಕು. ತೋಟದ ಮಾಲೀಕರಿಗೆ ಯುವಕರು ಬೇಕಾಗಿದ್ದರಿಂದ ವಯಸ್ಸನ್ನು ಇಳಿಸಿ ಹೇಳುವುದಕ್ಕೆ ಪ್ರೇರಣೆಯಿತ್ತು. ಜಾತಿಯ ಅಂಕಣದಲ್ಲಿ ಗುಮಾಸ್ತರು ತಮಗೆ ಪರಿಚಿತವಾದ ಹೆಸರನ್ನೇ ಬರೆದಿರಬಹುದು, ಕೆಲವರು ಬೇಕೆಂದೇ ಬೇರೆ ಹೇಳಿರಲೂಬಹುದು. ಮೈಮೇಲಿನ ಗುರುತು ಮಾತ್ರ ಗುಮಾಸ್ತರು ಕಣ್ಣಾರೆ ಕಂಡು ಬರೆದದ್ದು, ಆದ್ದರಿಂದ ಒಬ್ಬರೇ ವ್ಯಕ್ತಿ ಎರಡು ದಾಖಲೆಗಳಲ್ಲಿ ಬೇರೆ ಕಾಗುಣಿತದಲ್ಲಿ ಕಂಡಾಗ ಅದು ನಿರ್ಣಾಯಕವಾಗುತ್ತದೆ.

ಹೆಂಗಸರ ದಾಖಲೆಗಳನ್ನು ಓದುವಾಗ ಇನ್ನೂ ಹೆಚ್ಚಿನ ಸಂಯಮ ಬೇಕು. ನೂರು ಗಂಡಸರಿಗೆ ನಲವತ್ತು ಹೆಂಗಸರು ಹಡಗಿನಲ್ಲಿರಬೇಕೆಂಬ ನಿಯಮವಿತ್ತು, ಆ ಸಂಖ್ಯೆ ತುಂಬಿಸಲು ದಲ್ಲಾಳಿಗಳು ವಿಧವೆಯರನ್ನು, ಗಂಡನ ಮನೆ ಬಿಟ್ಟವರನ್ನು, ಬರದಲ್ಲಿ ದಿಕ್ಕಿಲ್ಲದವರನ್ನು ಹುಡುಕಿ ಕರೆತರುತ್ತಿದ್ದರು. ಹಡಗು ಹತ್ತುವ ಮುನ್ನ ಕೂಲಿಗಳನ್ನು ಇರಿಸುತ್ತಿದ್ದ ಬಂದರಿನ ಡಿಪೋದಲ್ಲೇ ಜೊತೆಯಾದ ಗಂಡುಹೆಣ್ಣು ದಂಪತಿಗಳೆಂದು ನೋಂದಾಯಿಸಿಕೊಂಡದ್ದೂ ಉಂಟು. ಹೀಗಾಗಿ ಪಾಸಿನಲ್ಲಿ ಗಂಡನೆಂದು ಬರೆದವರ ಊರನ್ನೇ ಹೆಂಡತಿಯ ಊರೆಂದು ಭಾವಿಸಬಾರದು, ಇಬ್ಬರ ಊರುಗಳನ್ನೂ ಬೇರೆಬೇರೆಯಾಗಿಯೇ ಹುಡುಕಬೇಕು. ಒಂಟಿಯಾಗಿ ಹೊರಟ ಹೆಣ್ಣುಮಗಳ ಬಗ್ಗೆ ಸಭೆಯಲ್ಲಿ ಹಗುರವಾಗಿ ಒಂದು ಮಾತೂ ಬರಬಾರದು. ಆಕೆ ಒಂದು ಇಡೀ ಮನೆತನದ ಮೂಲಪುರುಷನಷ್ಟೇ ಮುಖ್ಯಳು. ಎಷ್ಟೋ ಮನೆತನಗಳಲ್ಲಿ ಆಕೆಯೇ ಮೂಲ, ಆದರೂ ವಂಶವೃಕ್ಷಗಳಲ್ಲಿ ಆಕೆಯ ತಂದೆಯ ಹೆಸರಿನ ಅಂಕಣ ಖಾಲಿಯಾಗಿಯೇ ಉಳಿದಿರುತ್ತದೆ. ಅದನ್ನು ತುಂಬುವ ಕೆಲಸಕ್ಕೆ ಬಳಗ ಆದ್ಯತೆ ಕೊಡಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಊರನ್ನು ಗುರುತಿಸುವುದು

ಹೊಸಹಳ್ಳಿ, ಚಿಕ್ಕನಹಳ್ಳಿ, ಬೊಮ್ಮಸಂದ್ರ, ಗೊಲ್ಲಹಳ್ಳಿ ಎಂಬ ಹೆಸರಿನ ಊರುಗಳು ಎಷ್ಟಿವೆಯೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅದಕ್ಕಾಗಿ ಕಾಲಕ್ಕೆ ತಕ್ಕ ನಕ್ಷೆ ಬೇಕು, ಇಂದಿನ ನಕ್ಷೆಯೊಂದೇ ಸಾಲದು. ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಆ ಅವಧಿಯ ದಾಖಲೆಗಳಲ್ಲಿ ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ವಿಭಾಗಗಳ ಹೆಸರು ಬಂದರೆ ಅದನ್ನು ಊರೆಂದು ತಪ್ಪಾಗಿ ತಿಳಿಯಬಾರದು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅನಂತಪುರ ಬಳ್ಳಾರಿಯಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ; ಅದಕ್ಕೂ ಮುಂಚಿನ ದಾಖಲೆಯಲ್ಲಿ ಬಳ್ಳಾರಿ ಜಿಲ್ಲೆಯೆಂದಿದ್ದರೆ ಊರು ಇಂದಿನ ಆಂಧ್ರದಲ್ಲಿರಲೂಬಹುದು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು ಎಂಬುದನ್ನೂ ನೆನಪಿಡಬೇಕು.

ಬಳಗ ತನ್ನದೇ ಆದ ಒಂದು ಕಾಗುಣಿತ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಲಿ. ಶ್ರೀರಂಗಪಟ್ಟಣ ‘ಸೆರಿಂಗಪಟಂ’, ಚಿತ್ರದುರ್ಗ ‘ಚಿತಲ್‌ಡ್ರೂಗ್’, ತುಮಕೂರು ‘ಟೂಮ್‌ಕೂರ್’, ದೇವನಹಳ್ಳಿ ‘ಡಿಯೊನ್‌ಹಲ್ಲಿ’, ಹರಿಹರ ‘ಹರ್ರಿಹರ್’ ಎಂಬಂಥ ಅಂದಿನ ರೂಪಗಳನ್ನು ಒಂದು ಕಡೆ, ಇಂದಿನ ಹೆಸರನ್ನು ಇನ್ನೊಂದು ಕಡೆ ಬರೆಯುತ್ತಾ ಹೋದರೆ ವರ್ಷದೊಳಗೆ ಅದು ಎಲ್ಲ ಸದಸ್ಯರೂ ಪ್ರತಿದಿನ ಬಳಸುವ ಸಾಧನವಾಗುತ್ತದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1870ರ ದಶಕದಲ್ಲಿ ಮೊದಲು ಪ್ರಕಟವಾಗಿ 1897ರಲ್ಲಿ ಪರಿಷ್ಕೃತವಾಯಿತು. ಅಂದಿನ ತಾಲ್ಲೂಕು, ಹೋಬಳಿಗಳ ವಿವರಕ್ಕೆ ಅದನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಲವನ್ನು ಗುರುತಿಸಲು ಸಂವತ್ಸರಗಳೂ ನೆರವಾಗುತ್ತವೆ. 1876–78ರ ಮಹಾಕ್ಷಾಮ ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು ಎಂದರೆ ಆ ಬರದ ಘೋರತೆ ತಿಳಿಯುತ್ತದೆ. 1864ರಲ್ಲೇ ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಬಂದು ಮದರಾಸಿನ ದಾರಿ ಹತ್ತಿರವಾಗಿತ್ತು. ಊರಿನ ಹಿರಿಯರೊಬ್ಬರು ‘ಧಾತು ಬರದಲ್ಲಿ ಮನೆಯಿಂದ ಒಬ್ಬ ಹೋದವನು ಬರಲೇ ಇಲ್ಲವಂತೆ’ ಎಂದರೆ ಆ ಮಾತಿಗೆ ಬೆಲೆಯಿದೆ. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, 1936–37 ಕೂಡ ಧಾತು ಸಂವತ್ಸರವೇ ಎಂಬುದನ್ನು ಮರೆಯದೆ ತಲೆಮಾರುಗಳ ಲೆಕ್ಕ ಹಾಕಬೇಕು.

ಭಾರತದ ಕಡೆ ಏನು ಸಿಗುತ್ತದೆ

ಇಲ್ಲಿ ನಿರೀಕ್ಷೆ ಮಿತವಾಗಿರಲಿ. 1880ರ ಸುಮಾರಿಗೆ ಊರು ಬಿಟ್ಟ ಬಡ ಕೂಲಿಯ ಜನನ ಪ್ರಮಾಣಪತ್ರ ಸಿಗುತ್ತದೆಂದು ನಂಬಿ ಕಚೇರಿಗಳಿಗೆ ಅಲೆಯಬಾರದು. ಮನೆಮನೆಯ ಹೆಸರುಗಳಿರುವ ಹಳೆಯ ಗಣತಿ ಹಾಳೆಗಳು ಅಮೆರಿಕ, ಬ್ರಿಟನ್‌ಗಳಲ್ಲಿ ಸಿಗುವಂತೆ ನಮ್ಮಲ್ಲಿ ಸಿಗುವುದಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ ಮತ್ತು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಅಭಿಲೇಖಾಲಯಗಳಲ್ಲಿ ವಲಸೆಗೆ ಸಂಬಂಧಿಸಿದ ಸರ್ಕಾರಿ ಆದೇಶ, ವರದಿ, ಪತ್ರವ್ಯವಹಾರಗಳೇ ಮುಖ್ಯ. ದೆಹಲಿಯ ಭಂಡಾರದ ಅನೇಕ ಕಡತಗಳನ್ನು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ನೋಡಬಹುದು. ಇವು ನಿಮ್ಮ ಮುತ್ತಜ್ಜಿಯ ಹೆಸರನ್ನು ಕೊಡದಿದ್ದರೂ ಆಕೆ ಹೋದ ವರ್ಷ ಡಿಪೋ ಹೇಗಿತ್ತು, ಹಡಗಿನಲ್ಲಿ ಯಾವ ರೋಗ ಬಂತು ಎಂಬುದನ್ನು ತಿಳಿಸುತ್ತವೆ.

ವ್ಯಕ್ತಿಯನ್ನು ಹುಡುಕಲು ಕರ್ನಾಟಕದಲ್ಲಿ ಎರಡು ದೇಶೀ ದಾರಿಗಳಿವೆ. ಮೊದಲನೆಯದು ಮನೆದೇವರು. ಮನೆತನ ಎಲ್ಲಿ ಚದುರಿದರೂ ಒಕ್ಕಲಿನವರು ವರ್ಷಕ್ಕೊಮ್ಮೆಯಾದರೂ ಮನೆದೇವರ ಗುಡಿಗೆ ಬಂದು ಹೋಗುತ್ತಾರೆ, ಆದ್ದರಿಂದ ಊರಿನ ಹೆಸರು ಅನುಮಾನಾಸ್ಪದವಾಗಿದ್ದಾಗ ಮನೆದೇವರು ಮತ್ತು ಬೆಡಗು (ಕುಲದ ಒಳಕವಲು) ಎರಡನ್ನೂ ಹೊಂದಿಸಿ ನೋಡಿದರೆ ಹತ್ತು ಹೊಸಹಳ್ಳಿಗಳಲ್ಲಿ ಎಂಟನ್ನು ಬದಿಗಿಡಬಹುದು. ಎರಡನೆಯದು ಹೆಳವರು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ತಮ್ಮ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ ದವಸ ಪಡೆಯುವ ಈ ಸಮುದಾಯ, ಮನೆತನ ಮೂಲತಃ ಎಲ್ಲಿಂದ ಬಂತು, ಯಾವಾಗ ಕವಲಾಯಿತು ಎಂಬುದನ್ನು ತಲೆಮಾರುಗಳಿಂದ ನೆನಪಿನಲ್ಲೂ ಬರಹದಲ್ಲೂ ಕಾಪಾಡಿಕೊಂಡು ಬಂದಿದೆ. ಉತ್ತರ ಮತ್ತು ಮಧ್ಯ ಕರ್ನಾಟಕದ ಮೂಲವಿರುವ ಮನೆತನಗಳು ಅವರನ್ನು ಕೇಳದೆ ಹುಡುಕಾಟ ಮುಗಿಸಬಾರದು. ಅವರ ವಿದ್ಯೆ ಅವರ ಜೀವನೋಪಾಯವೂ ಹೌದು. ಸಲ್ಲಬೇಕಾದ ಸಂಭಾವನೆಯನ್ನು ಗೌರವದಿಂದ ಕೊಟ್ಟು, ಒಪ್ಪಿಗೆ ಇದ್ದರೆ ಮಾತ್ರ ಧ್ವನಿಮುದ್ರಿಸಿಕೊಳ್ಳಬೇಕು. ಮಂಗಳೂರು ಕಡೆಯ ಕ್ರೈಸ್ತ ಮನೆತನಗಳಿಗಾದರೆ ಆಯಾ ಇಗರ್ಜಿಯ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳೇ ಮೊದಲ ಆಧಾರ.

ಊರಿಗೆ ಹೋಗುವ ಮುನ್ನ

ವಿದೇಶದಿಂದ ಬಂದವರು ‘ನಾವು ಈ ಮನೆಯವರೇ’ ಎಂದು ಬಾಗಿಲಲ್ಲಿ ನಿಂತಾಗ ಊರಿನವರಿಗೆ ಮೊದಲು ಬರುವ ಯೋಚನೆ ಜಮೀನಿನದು. ಪಾಲು ಕೇಳಲು ಬಂದರೇ ಎಂಬ ಭಯ ಅವರಲ್ಲಿ ಹುಟ್ಟಿದರೆ ಬಾಯಿ ಬಿಡುವುದಿಲ್ಲ, ಬಿಡಬೇಕೆಂದು ಒತ್ತಾಯಿಸುವುದೂ ನ್ಯಾಯವಲ್ಲ. ಆದ್ದರಿಂದ ಮೊದಲ ಭೇಟಿಗೆ ಬಳಗದ ಸ್ಥಳೀಯ ಸದಸ್ಯರು ಮಾತ್ರ ಹೋಗಲಿ. ಊರಿನ ಪರಿಚಿತರೊಬ್ಬರ ಮೂಲಕ ಹೋಗಲಿ. ಪಹಣಿಯ ಮಾತು, ಸರ್ವೆ ನಂಬರಿನ ಮಾತು ಅಂದು ಎತ್ತದಿರಲಿ. ಹಿರಿಯ ಹೆಂಗಸರೊಂದಿಗೆ ಮಾತಾಡಲು ಹೆಂಗಸರೇ ಹೋಗುವುದು ಮೇಲು, ಏಕೆಂದರೆ ತವರಿನ ಕಡೆಯ ನೆನಪು, ತಪ್ಪಿಹೋದವರ ನೆನಪು ಅವರಲ್ಲೇ ಹೆಚ್ಚು. ಜಾತಿಯ ಅಂಕಣದಲ್ಲಿ ಬರೆದದ್ದನ್ನು ಊರಿನಲ್ಲಿ ಎಲ್ಲರೆದುರು ಓದಬಾರದು. ಅದರಿಂದ ಅಲ್ಲಿರುವವರಿಗೂ ದೂರದಿಂದ ಬಂದವರಿಗೂ ನೋವಾಗಬಹುದು, ಆ ನೋವನ್ನು ಬಳಗ ಸರಿಪಡಿಸಲಾರದು.

ಡಿಎನ್ಎ ಪರೀಕ್ಷೆಯ ಮಾತು ಇತ್ತೀಚೆಗೆ ಬೇಗ ಬರುತ್ತದೆ. ಒಳಬಂಧು ವಿವಾಹದ ರೂಢಿಯಿರುವ ಸಮುದಾಯಗಳಲ್ಲಿ ದೂರದ ಬಂಧುಗಳೂ ಹತ್ತಿರದವರಂತೆ ಕಾಣುವುದರಿಂದ ಅದನ್ನು ದಾಖಲೆಯ ಜೊತೆಗಿನ ಪೂರಕ ಆಧಾರವಾಗಿ ಮಾತ್ರ ಬಳಸಬೇಕು, ಹಳ್ಳಿಯವರಿಂದ ಮಾದರಿ ಕೇಳುವ ಮುನ್ನ ಅದರ ಪರಿಣಾಮವನ್ನು ಅವರ ಭಾಷೆಯಲ್ಲೇ ಪೂರ್ತಿಯಾಗಿ ತಿಳಿಸಬೇಕು.

ತೀರ್ಮಾನವನ್ನು ಬರೆದಿಡುವ ಕ್ರಮ

ಪ್ರತಿಯೊಂದು ಸಂಬಂಧಕ್ಕೂ ‘ಖಚಿತ’, ‘ಸಂಭವನೀಯ’, ‘ಊಹೆ’ ಎಂಬ ಮೂರರಲ್ಲಿ ಒಂದು ಗುರುತು ಹಾಕಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆಗಳು ಒಂದೇ ಮಾತು ಹೇಳಿದಾಗ ಮಾತ್ರ ‘ಖಚಿತ’ ಎನ್ನಬೇಕು. ಒಂದರಿಂದ ಇನ್ನೊಂದು ನಕಲಾಗಿದ್ದರೆ ಅದು ಎರಡಲ್ಲ, ಒಂದೇ. ಕುಟುಂಬದಲ್ಲಿ ಬಂದ ಕಥೆ ದಾಖಲೆಗೆ ವಿರುದ್ಧವಾಗಿದ್ದರೆ ಎರಡನ್ನೂ ಬರೆಯಿರಿ. ಹುಡುಕಿಯೂ ಸಿಗದ ಪುಸ್ತಕಗಳ ಪಟ್ಟಿಯನ್ನೂ ಇಡಿ, ಇಲ್ಲದಿದ್ದರೆ ಮೂರು ವರ್ಷದ ನಂತರ ಬಂದ ಹೊಸ ಸದಸ್ಯರು ಅದೇ ಸಂಪುಟವನ್ನು ಮತ್ತೆ ತಿರುವಿಹಾಕುತ್ತಾರೆ.

ಕಡತದ ಹೆಸರಿನಲ್ಲಿ ದೇಶ, ವ್ಯಕ್ತಿಯ ಸಂಖ್ಯೆ, ಹಡಗು, ವರ್ಷ ಈ ಕ್ರಮವನ್ನು ಎಲ್ಲರೂ ಪಾಲಿಸಲಿ. ಒಂದು ಮನೆತನದ ಕೆಲಸ ಒಂದು ಹಂತ ತಲುಪಿದ ಮೇಲೆ, ಬದುಕಿರುವವರ ವಿವರಗಳನ್ನು ತೆಗೆದು, ಕಡತದ ಮುದ್ರಿತ ಪ್ರತಿಯನ್ನು ಆ ಮನೆತನಕ್ಕೂ, ಒಪ್ಪುವುದಾದರೆ ವಲಸೆ ಹೋದ ದೇಶದ ದಾಖಲೆ ಕೇಂದ್ರಕ್ಕೂ, ಮೂಲ ಊರಿನ ಶಾಲೆ ಅಥವಾ ಗ್ರಂಥಾಲಯಕ್ಕೂ ಕೊಡಬೇಕು. ಊರಿಗೆ ಕೊಡುವ ಪ್ರತಿ ಕನ್ನಡದಲ್ಲಿರಬೇಕು, ಹಡಗಿನ ಪಟ್ಟಿಯ ನಮೂದನ್ನು ಮೂಲದ ಕಾಗುಣಿತದಲ್ಲೂ ಗುರುತಿಸಿದ ಊರಿನ ಹೆಸರಿನಲ್ಲೂ ಎರಡು ಬಾರಿ ಬರೆದಿರಬೇಕು, ಮತ್ತು ಮುಂದೆ ಯಾರಾದರೂ ವಿವರ ಕೇಳಿ ಬಂದರೆ ಬಳಗದ ಯಾರನ್ನು ಸಂಪರ್ಕಿಸಬೇಕು ಎಂಬುದು ಮೊದಲ ಪುಟದಲ್ಲೇ ಇರಬೇಕು.